ಜಪಾನಿನಲ್ಲಿ ವಾರ್ಡ್ ಕೌನ್ಸಿಲರ್ ಆದರೆ ಮುಂದೆ ಪಾರ್ಲಿಮೆಂಟಿಗೆ ಹೋಗಬಹುದಾ?

ಪ್ರಶ್ನೆ: ನನಗೆ 41 ವರ್ಷ. ಊರು ಚಿತ್ರದುರ್ಗದ ಕಡೆ. 16 ವರ್ಷದಿಂದ ಟೋಕಿಯೊದಲ್ಲಿ ಸಾಫ್ಟ್‌ವೇರ್ ಕೆಲಸ, ಮನೆ ಎಡೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ. ಎರಡು ವರ್ಷದ ಹಿಂದೆ ಜಪಾನಿ ಪೌರತ್ವ ತಗೊಂಡೆ. ಹೆಂಡತಿ ಇನ್ನೂ ಪರ್ಮನೆಂಟ್ ರೆಸಿಡೆಂಟ್, ಮಗ ಶಾಲೆಯಲ್ಲಿದ್ದಾನೆ. 2027ರ ಏಪ್ರಿಲ್‌ನಲ್ಲಿ ವಾರ್ಡ್ ಚುನಾವಣೆಗೆ ನಿಲ್ಲೋಣ, ಅಲ್ಲಿಂದ ಟೋಕಿಯೊ ಅಸೆಂಬ್ಲಿ, ಹತ್ತು ವರ್ಷದಲ್ಲಿ ಪಾರ್ಲಿಮೆಂಟು ಅಂತ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. 'ಮೊದಲು ಪಂಚಾಯ್ತಿ, ಆಮೇಲೆ ಎಮ್ಮೆಲ್ಲೆ, ಆಮೇಲೆ ಎಂಪಿ, ಎಲ್ಲ ಕಡೆ ಹಂಗೇ' ಅಂತಾರೆ ನಮ್ಮ ಮಾವ. ಇಲ್ಲಿನ ಸ್ನೇಹಿತರು ಮಾತ್ರ ನಗುತ್ತಾರೆ. ಜಪಾನಿನಲ್ಲಿ ಅಪ್ಪ ಎಂಪಿ ಆಗಿದ್ದರೆ ಮಗ ಎಂಪಿ, ಹೊರಗಿನಿಂದ ಬಂದವನಿಗೆ ಅಲ್ಲಿ ಜಾಗ ಇಲ್ಲ, ಕೋಟಿಗಟ್ಟಲೆ ದುಡ್ಡು ಬೇಕು ಅಂತ. ಯಾರ ಮಾತು ನಿಜ? ಕೆಲಸ ಬಿಟ್ಟು ಇಳಿಯಬಹುದಾ?

ಉತ್ತರ: ನಿಮ್ಮ ಮಾವನವರದ್ದೂ ಅರ್ಧ ಸರಿ, ಸ್ನೇಹಿತರದ್ದೂ ಅರ್ಧ ಸರಿ. ಪತ್ರ ಓದಿದಾಗ ನನಗೆ ಕಂಡ ನಿಜವಾದ ತೊಡಕು ಅವರಿಬ್ಬರೂ ಹೇಳಿದ್ದಲ್ಲ. ಅದು ನಿಮ್ಮ 'ಅಲ್ಲಿಂದ' ಎನ್ನುವ ಪದದಲ್ಲಿದೆ. ವಾರ್ಡಿನಿಂದ ಅಸೆಂಬ್ಲಿಗೆ, ಅಲ್ಲಿಂದ ಪಾರ್ಲಿಮೆಂಟಿಗೆ ಏಣಿ ಇದೆ ಅಂದುಕೊಂಡಿದ್ದೀರಿ. ಏಣಿ ಇದೆ. ಆದರೆ ಒಂದು ಮೆಟ್ಟಿಲಿಂದ ಕಾಲೆತ್ತಿದ ಕೂಡಲೇ ಆ ಮೆಟ್ಟಿಲು ಕಳಚಿ ಬೀಳುತ್ತದೆ, ಮೇಲಿನದು ಕೈಗೆ ಸಿಕ್ಕಿರಲಿ ಬಿಡಲಿ. ನಾನು ಜಪಾನಿನ ಸ್ಥಳೀಯ ರಾಜಕೀಯವನ್ನು ಪಾಠ ಮಾಡುವವನು. ಮೂರ್ನಾಲ್ಕು ಚುನಾವಣೆಗಳಲ್ಲಿ ಅಭ್ಯರ್ಥಿಗಳ ಕಚೇರಿಯ ಮೂಲೆಯಲ್ಲಿ ಕೂತು ನೋಡಿದ್ದೇನೆ. ಗೆದ್ದವರಿಗಿಂತ ಜಾಸ್ತಿ ಕಲಿತದ್ದು ಹೀಗೆ ಕಾಲೆತ್ತಿ ಬಿದ್ದವರಿಂದ.

ಮೊದಲು ಸ್ನೇಹಿತರ ಮಾತು ನೋಡೋಣ.

ಹೊರಗಿನಿಂದ ಬಂದವರಿಗೆ ಜಾಗವಿಲ್ಲ ಅನ್ನುವುದು ಸುಳ್ಳು. ಪೌರತ್ವ ಸಿಕ್ಕ ಮೇಲೆ ಕಾನೂನಿನಲ್ಲಿ ನಿಮಗೂ ಅಲ್ಲೇ ಹುಟ್ಟಿದವರಿಗೂ ಒಂದಿಷ್ಟೂ ವ್ಯತ್ಯಾಸವಿಲ್ಲ. ವಾರ್ಡ್ (ಟೋಕಿಯೊದಲ್ಲಿ ಅದು ನಮ್ಮ ಬಡಾವಣೆಯ ವಾರ್ಡಲ್ಲ, ತನ್ನದೇ ಸಭೆ ಇರುವ, ಒಂದು ನಗರದಷ್ಟು ದೊಡ್ಡದು), ಅಸೆಂಬ್ಲಿ, ಕೆಳಮನೆಗೆ 25 ವರ್ಷ ತುಂಬಿರಬೇಕು, ಮೇಲ್ಮನೆಗೆ 30. ಸ್ಥಳೀಯ ಚುನಾವಣೆಗೆ ವಾಸದ ನಿಯಮ ಒಂದಿದೆ, ಅದನ್ನು ಮುಂದೆ ಹೇಳುತ್ತೇನೆ. ಅಷ್ಟೆ. ಪೌರತ್ವ ಇಲ್ಲದಿದ್ದರೆ ಮಾತ್ರ ಏನೂ ಇಲ್ಲ. ಪರ್ಮನೆಂಟ್ ರೆಸಿಡೆಂಟ್ ಇದ್ದರೆ ವಾರ್ಡಿಗಾದರೂ ನಿಲ್ಲಬಹುದು ಅಂತ ನಮ್ಮವರಲ್ಲಿ ಒಂದು ನಂಬಿಕೆ ಓಡಾಡುತ್ತಿರುತ್ತದೆ. ನಿಲ್ಲುವುದಿರಲಿ, ಓಟು ಹಾಕುವ ಹಕ್ಕೂ ಅವರಿಗಿಲ್ಲ. ಅಂದರೆ ನಿಮ್ಮ ಮನೆಯಿಂದಲೇ ನಿಮಗೆ ಒಂದು ಓಟು ಕಮ್ಮಿ.

ಈಗ ನಿಮ್ಮ ದಾರಿಯಲ್ಲೇ ನಡೆದ ಒಬ್ಬರ ಕಥೆ ಹೇಳುತ್ತೇನೆ. ತ್ಸುರುನೆನ್ ಮಾರುತೇಯ್. ಹುಟ್ಟು ಹೆಸರು ಮಾರ್ತ್ತಿ ತುರುನೆನ್, 1940ರಲ್ಲಿ ಫಿನ್‌ಲ್ಯಾಂಡಿನಲ್ಲಿ ಹುಟ್ಟಿದವರು. 1967ರಲ್ಲಿ ಲುಥೆರನ್ ಮಿಷನರಿಯಾಗಿ ಜಪಾನಿಗೆ ಬಂದರು. ಆಮೇಲೆ ಆ ಕೆಲಸ ಬಿಟ್ಟು ಅಲ್ಲೇ ನೆಲೆಸಿ 1979ರಲ್ಲಿ ಪೌರತ್ವ ತಗೊಂಡರು. ಕಾನಾಗಾವಾ ಪ್ರಾಂತ್ಯದಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಯುಗವಾರಾ ಎನ್ನುವ ಸಣ್ಣ ಪಟ್ಟಣವಿದೆ. 1992ರಲ್ಲಿ ಅಲ್ಲಿನ ಟೌನ್ ಕೌನ್ಸಿಲ್‌ಗೆ ಗೆದ್ದರು. ಮೂರೇ ವರ್ಷಕ್ಕೆ ಆ ಸೀಟು ಬಿಟ್ಟು 1995ರಲ್ಲಿ ಮೇಲ್ಮನೆಗೆ ನಿಂತರು, ಸೋತರು. 1998ರಲ್ಲಿ ಮತ್ತೆ ಸೋಲು. 2000ದಲ್ಲಿ ಕೆಳಮನೆಗೆ ನಿಂತು ಸೋಲು. 2001ರಲ್ಲಿ ಡೆಮಾಕ್ರಟಿಕ್ ಪಕ್ಷದ ಪಟ್ಟಿಯಲ್ಲಿ (ಪಕ್ಷಕ್ಕೆ ಬಿದ್ದ ಓಟಿನ ಲೆಕ್ಕದಲ್ಲಿ ಸೀಟು ಸಿಗುವ ಅಭ್ಯರ್ಥಿಗಳ ಪಟ್ಟಿ) ಮೇಲ್ಮನೆಗೆ ನಿಂತು ಮತ್ತೂ ಸೋಲು, ಸ್ವಲ್ಪದರಲ್ಲಿ. ಅದೇ ಪಟ್ಟಿಯಲ್ಲಿ ಗೆದ್ದಿದ್ದ ಟಿವಿ ತಾರೆ ಓಹಾಶಿ ಕ್ಯೋಸೆನ್ ಅವರಿಗೆ ಪಕ್ಷದ ಜೊತೆ ಸರಿಹೋಗದೆ ಆರೇ ತಿಂಗಳಿಗೆ ರಾಜೀನಾಮೆ ಕೊಟ್ಟರು. ಪಟ್ಟಿಯಲ್ಲಿ ಮುಂದಿನ ಹೆಸರು ತ್ಸುರುನೆನ್. 2002ರ ಫೆಬ್ರವರಿಯಲ್ಲಿ ಒಳಗೆ ಹೋದರು. ಯುರೋಪ್ ಮೂಲದವರಲ್ಲಿ ಜಪಾನ್ ಪಾರ್ಲಿಮೆಂಟಿನಲ್ಲಿ ಕೂತ ಮೊದಲನೆಯವರು. 2007ರಲ್ಲಿ ಸ್ವಂತ ಓಟಿನಲ್ಲೇ ಮತ್ತೆ ಗೆದ್ದರು, 2013ರಲ್ಲಿ ಸೋತರು. ನಡುವೆ ಸುಮ್ನೆ ಕೂರಲಿಲ್ಲ. 2006ರಲ್ಲಿ ಬಂದ ಸಾವಯವ ಕೃಷಿ ಉತ್ತೇಜನ ಕಾಯ್ದೆಯ ಹಿಂದೆ ಓಡಾಡಿದವರಲ್ಲಿ ಅವರು ಮುಖ್ಯರು.

ಇದನ್ನು 'ನೋಡಿ, ಆಗುತ್ತೆ' ಅಂತಲೂ ಓದಬಹುದು. ನಾನು ಹೇಳಿದ ಕಾರಣ ಬೇರೆ. ಪಟ್ಟಣದ ಸೀಟು ಬಿಟ್ಟ ದಿನದಿಂದ ಪಾರ್ಲಿಮೆಂಟಿನ ಬಾಗಿಲು ತೆರೆಯುವವರೆಗೆ ಸುಮಾರು ಏಳು ವರ್ಷ, ನಾಲ್ಕು ಸೋಲು. ಕಡೆಗೆ ಬಾಗಿಲು ತೆಗೆದದ್ದು ಇನ್ನೊಬ್ಬರ ರಾಜೀನಾಮೆ.

ಯಾಕೆ ಹೀಗೆ? ಕಾನೂನೇ ಹಾಗಿದೆ. ಜಪಾನಿನಲ್ಲಿ ಸ್ಥಳೀಯ ಸದಸ್ಯರು ಬೇರೆ ಚುನಾವಣೆಗೆ ಅರ್ಜಿ ಹಾಕಿದರೆ, ಆ ದಿನವೇ ಇರುವ ಸೀಟು ತಾನಾಗಿ ಹೋಗುತ್ತದೆ. ಗೆದ್ದ ಮೇಲಲ್ಲ, ಅರ್ಜಿ ಹಾಕಿದ ದಿನ. ನಮ್ಮಲ್ಲಿ ಎಮ್ಮೆಲ್ಲೆ ಆಗಿದ್ದುಕೊಂಡೇ ಲೋಕಸಭೆಗೆ ನಿಂತು, ಸೋತರೆ ವಾಪಸ್ ಬಂದು ವಿಧಾನಸೌಧದಲ್ಲಿ ಕೂರುತ್ತಾರಲ್ಲ, ಅದು ಅಲ್ಲಿ ಆಗಲ್ಲ. ನಿಮ್ಮ ಮಾವನವರ ಲೆಕ್ಕ ತಪ್ಪುವುದು ಇಲ್ಲೇ.

ಅದರ ಮೇಲೆ ಚುನಾವಣೆಗಳ ಕಾಲವೂ ಹೊಂದುವುದಿಲ್ಲ. ಎಡೊಗಾವಾ ವಾರ್ಡ್ ಚುನಾವಣೆ ನಡೆದದ್ದು 2023ರ ಏಪ್ರಿಲ್, ಮುಂದಿನದು 2027ರ ಏಪ್ರಿಲ್. ಟೋಕಿಯೊ ಅಸೆಂಬ್ಲಿಯದ್ದು 2021ರ ಜುಲೈ, 2025ರ ಜೂನ್. ಅಂದರೆ ಅಸೆಂಬ್ಲಿಗೆ ಜಿಗಿಯಬೇಕಾದರೆ ವಾರ್ಡಿನ ಅವಧಿ ಅರ್ಧದಲ್ಲೇ ಬಿಡಬೇಕು. ಕೆಳಮನೆಯನ್ನಂತೂ ಪ್ರಧಾನಿ ಯಾವಾಗ ಬೇಕಾದರೂ ವಿಸರ್ಜಿಸಬಹುದು. ನಾಲ್ಕು ವರ್ಷಕ್ಕೆ ಅಂತ ಓಟು ಹಾಕಿದವರು ಆಗ ಕೇಳುತ್ತಾರೆ, ಎರಡೇ ವರ್ಷಕ್ಕೆ ಎಲ್ಲಿಗೆ ಹೊರಟಿರಿ ಅಂತ. ಆ ಪ್ರಶ್ನೆಗೆ ಒಳ್ಳೆ ಉತ್ತರ ಕೊಟ್ಟವರನ್ನು ನಾನಿನ್ನೂ ನೋಡಿಲ್ಲ.

ನಿಮ್ಮ ವಾರ್ಡಿನದೇ ಉದಾಹರಣೆ ಇದೆ, ನಿಮಗೆ ಗೊತ್ತಿರುತ್ತದೆ. ಮಹಾರಾಷ್ಟ್ರದಿಂದ ಹೋದ ಯೋಗೇಂದ್ರ ಪುರಾಣಿಕ್, ಎಲ್ಲರ ಬಾಯಲ್ಲಿ 'ಯೋಗಿ'. 2019ರಲ್ಲಿ ಎಡೊಗಾವಾದಿಂದ ಗೆದ್ದರು, ಆರು ಸಾವಿರಕ್ಕೂ ಜಾಸ್ತಿ ಓಟು, ಐದನೇ ಸ್ಥಾನ. 2021ರಲ್ಲಿ ವಾರ್ಡ್ ಬಿಟ್ಟು ಟೋಕಿಯೊ ಅಸೆಂಬ್ಲಿಗೆ ನಿಂತರು, ಸೋತರು. ಆಮೇಲೆ ಇಬಾರಾಕಿ ಪ್ರಾಂತ್ಯದ ಒಂದು ಸರ್ಕಾರಿ ಹೈಸ್ಕೂಲಿಗೆ ಪ್ರಿನ್ಸಿಪಾಲ್ ಆದರು.

ಅದೇ ಮನುಷ್ಯ, ಅದೇ ಬೀದಿಗಳು. ಬದಲಾಗಿದ್ದು ಸೀಟಿನ ಲೆಕ್ಕ. ವಾರ್ಡ್ ಚುನಾವಣೆಯಲ್ಲಿ ಇಡೀ ಎಡೊಗಾವಾ ಒಂದೇ ಕ್ಷೇತ್ರ, 44 ಸೀಟು, ಒಬ್ಬರಿಗೆ ಒಂದೇ ಓಟು. ಮೇಲಿಂದ 44 ಜನ ಒಳಗೆ. ಏಳು ಲಕ್ಷ ಜನರ ಊರಿನಲ್ಲಿ ಕೆಲವು ಸಾವಿರ ಜನ ನಿಮ್ಮನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು, ಮಿಕ್ಕವರು ನಿಮ್ಮ ಹೆಸರು ಕೇಳದಿದ್ದರೂ ಪರವಾಗಿಲ್ಲ. ಟೋಕಿಯೊ ಅಸೆಂಬ್ಲಿಗೆ ಇದೇ ಎಡೊಗಾವಾದಿಂದ ಐದು ಸೀಟು. ಪಾರ್ಲಿಮೆಂಟಿನ ಕೆಳಮನೆಯಲ್ಲಿ ಕ್ಷೇತ್ರಕ್ಕೆ ಒಂದೇ. 44, 5, 1. ಮೊದಲನೆಯದಕ್ಕೆ ಒಂದು ಗುಂಪಿನ ಪ್ರೀತಿ ಸಾಕು. ಕೊನೆಯದಕ್ಕೆ ಇಡೀ ಊರಿಗೆ ನೀವು ಬೇಡವಾಗಿರಬಾರದು. ಇವೆರಡೂ ಬೇರೆ ಬೇರೆ ಆಟ. ಒಂದರಲ್ಲಿ ಪಳಗಿದ್ದು ಇನ್ನೊಂದಕ್ಕೆ ಅಷ್ಟಾಗಿ ಒದಗುವುದಿಲ್ಲ.

ಮನೆತನದ ರಾಜಕೀಯದ ಬಗ್ಗೆ ಸ್ನೇಹಿತರು ಹೇಳಿದ್ದು ಕೆಳಮನೆಯ ಮಟ್ಟಿಗೆ ಬಹಳಷ್ಟು ನಿಜ. ಮಾಜಿ ಪ್ರಧಾನಿ ಕೊಯ್ಜುಮಿ ಅವರ ಮನೆಯಲ್ಲಿ ಈಗ ನಾಲ್ಕನೇ ತಲೆಮಾರು. ಜಪಾನಿನವರು ಇದಕ್ಕೆ ಪ್ರಾಸ ಕಟ್ಟಿ ಹೇಳುತ್ತಾರೆ: ಜಿಬಾನ್, ಕಾನ್‌ಬಾನ್, ಕಾಬಾನ್. ಕಾಲ ಕೆಳಗಿನ ನೆಲ, ಹೆಸರಿನ ಬೋರ್ಡು, ದುಡ್ಡಿನ ಚೀಲ. ಅಪ್ಪ ಬಿಟ್ಟು ಹೋಗುವುದು ಸೀಟಲ್ಲ, 'ಕೋಎನ್‌ಕಾಯ್' ಎನ್ನುವ ಬೆಂಬಲಿಗರ ಸಂಘ. ಅದರಲ್ಲಿ ಯಾರ ಮನೆಯಲ್ಲಿ ಮದುವೆ, ಯಾರ ಅಂಗಡಿಗೆ ನೂರು ವರ್ಷ ತುಂಬಿತು ಎಲ್ಲಾ ಲೆಕ್ಕ ಇರುತ್ತದೆ. ಆ ಪುಸ್ತಕ ಮಗನ ಕೈಗೆ ಬರುತ್ತದೆ.

ಆದರೆ ಮನೆತನವಿಲ್ಲದೆ, ಕೆಳಗಿನಿಂದಲೇ ಹತ್ತಿ ಪ್ರಧಾನಿಯೇ ಆದವರು ಇದ್ದಾರೆ. ಮುರಾಯಾಮಾ ತೊಮಿಇಚಿ 1955ರಲ್ಲಿ ಓಯಿತಾ ನಗರಸಭೆ, 1963ರಲ್ಲಿ ಪ್ರಾಂತ್ಯದ ಅಸೆಂಬ್ಲಿ, 1972ರಲ್ಲಿ ಪಾರ್ಲಿಮೆಂಟು, 1994ರಲ್ಲಿ ಪ್ರಧಾನಿ. ಮಾವನವರಿಗೆ ಈ ಹೆಸರು ಹೇಳಿ, ಖುಷಿಪಡುತ್ತಾರೆ. ಆದರೆ ಮೊದಲ ಮೆಟ್ಟಿಲಿಂದ ಪಾರ್ಲಿಮೆಂಟಿಗೆ 17 ವರ್ಷ ಆಯಿತು ಅನ್ನುವುದನ್ನೂ ಹೇಳಿ. ಹಿಂದೆ ಕಾರ್ಮಿಕ ಸಂಘಗಳ ಬಲವಿತ್ತು ಅನ್ನುವುದನ್ನೂ. ಸುಗಾ ಯೊಶಿಹಿದೆ ಅಕಿತಾದ ರೈತರ ಮಗ. 1987ರಲ್ಲಿ ಯೊಕೊಹಾಮಾ ನಗರಸಭೆ, 1996ರಲ್ಲಿ ಪಾರ್ಲಿಮೆಂಟು. ಅದಕ್ಕೂ ಮುಂಚೆ ಒಬ್ಬ ಎಂಪಿಯ ಕಾರ್ಯದರ್ಶಿಯಾಗಿ ಹನ್ನೊಂದು ವರ್ಷ ಚೀಲ ಹೊತ್ತಿದ್ದರು.

ನಿಮಗೆ ಹತ್ತಿರವಾಗಬಹುದಾದವರು ನೋದಾ ಯೊಶಿಹಿಕೊ. ಅಪ್ಪ ಸೈನಿಕ, ಚಿಬಾದ ಸಾಮಾನ್ಯ ಮನೆ. 1986ರಿಂದ ತ್ಸುದಾನುಮಾ ಸ್ಟೇಷನ್ನಿನ ಮುಂದೆ ಬೆಳಿಗ್ಗೆ ಹೊತ್ತು ಒಬ್ಬರೇ ನಿಂತು ಮಾತಾಡಲು ಶುರುಮಾಡಿದರು. ಆಫೀಸಿಗೆ ಓಡುವವರಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಮರುವರ್ಷ, 29ನೇ ವಯಸ್ಸಿಗೆ ಚಿಬಾ ಅಸೆಂಬ್ಲಿಗೆ ಗೆದ್ದರು. 1993ರಲ್ಲಿ ಪಾರ್ಲಿಮೆಂಟು. 1996ರಲ್ಲಿ 105 ಓಟಿನಲ್ಲಿ ಸೋತರು. ಲಕ್ಷ ಓಟಿನ ಕ್ಷೇತ್ರದಲ್ಲಿ ನೂರಾ ಐದು! ಜಪಾನಿನಲ್ಲಿ ಕ್ಷೇತ್ರದಲ್ಲಿ ಸೋತವರನ್ನು ಪಕ್ಷದ ಪಟ್ಟಿಯಿಂದ ಎತ್ತಿಕೊಳ್ಳುವ ಒಂದು ವ್ಯವಸ್ಥೆ ಇದೆ, ಅವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಮೂರೂ ಮುಕ್ಕಾಲು ವರ್ಷದ ಹತ್ತಿರ ಹತ್ತಿರ ಹುದ್ದೆಯಿಲ್ಲದೆ ಅದೇ ಸ್ಟೇಷನ್ನಿನ ಮುಂದೆ ನಿಂತರು. 2000ದಲ್ಲಿ ವಾಪಸ್ ಬಂದರು, 2010ರಲ್ಲಿ ಹಣಕಾಸು ಮಂತ್ರಿಯಾಗುವವರೆಗೆ ಬೆಳಗಿನ ಭಾಷಣ ಬಿಡಲಿಲ್ಲ, 2011ರಲ್ಲಿ ಪ್ರಧಾನಿ. ತನ್ನನ್ನು ತಾನೇ ಕೆಸರಿನ ಮೀನಿಗೆ ಹೋಲಿಸಿಕೊಂಡ ಮನುಷ್ಯ, ಗೋಲ್ಡ್‌ಫಿಶ್ ಅಲ್ಲ ಅಂತ.

ದುಡ್ಡಿನ ವಿಚಾರ. ಕೋಟಿಗಟ್ಟಲೆ ಅನ್ನುವುದು ವಾರ್ಡ್ ಮಟ್ಟಕ್ಕೆ ಸುಳ್ಳು. ಠೇವಣಿ 3 ಲಕ್ಷ ಯೆನ್. ಪ್ರಾಂತ್ಯದ ಅಸೆಂಬ್ಲಿಗೆ 6 ಲಕ್ಷ, ಕೆಳಮನೆಯ ಕ್ಷೇತ್ರಕ್ಕೆ ಏಕ್‌ದಮ್ 30 ಲಕ್ಷ. ವಾರ್ಡ್‌ನಲ್ಲಿ ಠೇವಣಿ ಉಳಿಸಿಕೊಳ್ಳುವುದೂ ಸುಲಭ. ಒಟ್ಟು ಸಿಂಧು ಓಟನ್ನು ಸೀಟಿನ ಸಂಖ್ಯೆಯಿಂದ ಭಾಗಿಸಿ ಅದರ ಹತ್ತನೇ ಒಂದು ಭಾಗ ಬಂದರೆ ಸಾಕು. 2,20,000 ಓಟು ಬಿದ್ದವು ಅಂತಿಟ್ಟುಕೊಳ್ಳಿ, 44 ಸೀಟಿಗೆ ತಲಾ 5,000, ಅದರ ಹತ್ತನೇ ಒಂದು 500. ಪ್ರಚಾರವೂ ಏಳೇ ದಿನ. ನಿಜವಾದ ಖರ್ಚು ಅದಲ್ಲ, ಬಿಟ್ಟ ಸಂಬಳ. ಸೀಟು ಹೋದ ಮೇಲೆ ಕೈಗೇನೂ ಬರುವುದಿಲ್ಲ. ಸ್ಥಳೀಯ ಸದಸ್ಯರ ಪಿಂಚಣಿಯನ್ನು 2011ರಲ್ಲೇ ತೆಗೆದುಹಾಕಿದ್ದಾರೆ. ನಿಮ್ಮ ಮಗನ ಹೈಸ್ಕೂಲು, ಕಾಲೇಜಿನ ವರ್ಷಗಳೂ ಈ ಅವಧಿಯಲ್ಲೇ ಬರುತ್ತವೆ ಅಲ್ವಾ? ಅದನ್ನು ಹೆಂಡತಿಯ ಜೊತೆ ಕೂತು ಬರೆದು ನೋಡಿ.

ಇನ್ನು ನಮ್ಮವರು ಎಡವುವ ಜಾಗಗಳು. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ದೇಣಿಗೆ. ವಿದೇಶಿ ಪೌರರಿಂದ ರಾಜಕೀಯಕ್ಕೆ ಒಂದು ಯೆನ್ ಕೂಡ ತಗೊಳ್ಳುವ ಹಾಗಿಲ್ಲ. ನಿಮ್ಮ ಸ್ನೇಹಿತರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನಿ. 2011ರಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಮಾಯೆಹಾರಾ ಸೇಯ್ಜಿ, ಕ್ಯೋತೊದಲ್ಲೇ ನೆಲೆಸಿದ್ದ ಪರಿಚಯದ ಕೊರಿಯನ್ ಮಹಿಳೆಯೊಬ್ಬರಿಂದ ಸಣ್ಣ ಮೊತ್ತ ಬಂದಿದ್ದಕ್ಕೆ ರಾಜೀನಾಮೆ ಕೊಡಬೇಕಾಯಿತು. ನಿಮ್ಮ ಸ್ನೇಹಿತರು ಕಚೇರಿಗೆ ಬಂದು ಲಕೋಟೆಗೆ ಅಂಟು ಹಚ್ಚಬಹುದು, ಕರಪತ್ರ ಮಡಿಸಬಹುದು. ದುಡ್ಡು ಮಾತ್ರ ಬೇಡ.

ಕೊಡುವುದು ಇನ್ನೂ ಅಪಾಯ. ಚುನಾವಣೆಗೆ ನಿಲ್ಲಲು ಹೊರಟವರು ತಮ್ಮ ಕ್ಷೇತ್ರದ ಜನಕ್ಕೆ ಏನನ್ನೂ ಕೊಡುವಂತಿಲ್ಲ. ದೀಪಾವಳಿಗೆ ಪಕ್ಕದ ಮನೆಗಳಿಗೆ ಮೈಸೂರ್‌ಪಾಕಿನ ಡಬ್ಬಿ ಹಂಚುವ ಅಭ್ಯಾಸ ಇದ್ದರೆ ಈ ವರ್ಷದಿಂದ ನಿಲ್ಲಿಸಿ. ತಮಾಷೆ ಅಲ್ಲ. 2014ರಲ್ಲಿ ಕಾನೂನು ಮಂತ್ರಿ ಮಾತ್ಸುಶಿಮಾ ಮಿದೊರಿ ರಾಜೀನಾಮೆ ಕೊಟ್ಟದ್ದು ಊರ ಹಬ್ಬದಲ್ಲಿ ಕಾಗದದ ಬೀಸಣಿಗೆ ಹಂಚಿದ್ದಕ್ಕೆ. ಪ್ರಚಾರದ ಕಚೇರಿಗೆ ಬಂದವರಿಗೆ ಟೀ, ಜೊತೆಗೆ ಸಣ್ಣ ತಿಂಡಿ ಕೊಡಬಹುದು, ಊಟ ಕೊಡುವಂತಿಲ್ಲ. ನಮ್ಮ ಕಡೆ ಬಿರಿಯಾನಿ ಪೊಟ್ಟಣ ನೋಡಿ ಬೆಳೆದವರಿಗೆ ಇದು ಅರಗುವುದು ಕಷ್ಟ.

ಮನೆ ಮನೆಗೆ ಹೋಗಿ ಓಟು ಕೇಳುವುದೂ ಅಪರಾಧ. 1925ರಿಂದಲೂ. ಅಧಿಕೃತ ಏಳು ದಿನ ಶುರುವಾಗುವ ಮುಂಚೆ ಎಲ್ಲೇ ಆಗಲಿ 'ಓಟು ಕೊಡಿ' ಅನ್ನುವಂತಿಲ್ಲ, ಹೆಸರು ಬರೆದ ಬಟ್ಟೆಯ ಪಟ್ಟಿಯನ್ನು ಮೈಮೇಲೆ ಹಾಕಿಕೊಳ್ಳುವಂತಿಲ್ಲ. ಅದಕ್ಕೇ ಸ್ಟೇಷನ್ ಮುಂದೆ ನಿಂತವರನ್ನು ನೋಡಿದ್ದೀರಲ್ಲ, ಎದೆಯ ಮೇಲೆ 'ಹೊನ್ನಿನ್' ಅಂತ ದಪ್ಪ ಅಕ್ಷರ, ಅಂದರೆ 'ಖುದ್ದು ನಾನೇ'. ಯಾವ ನಾನು ಅಂತ ಬರೆಯುವಂತಿಲ್ಲವಲ್ಲ, ಅದಕ್ಕೆ. ಮೊದಲ ಸಲ ನೋಡಿದಾಗ ನಗು ತಡೆಯಲಾಗಲಿಲ್ಲ ನನಗೆ.

ವಾಸದ ನಿಯಮ ಮರೆಯಬೇಡಿ. ಸ್ಥಳೀಯ ಚುನಾವಣೆಗೆ ಆ ಊರಲ್ಲಿ ಮೂರು ತಿಂಗಳಾದರೂ ನಿಜವಾಗಿ ಬದುಕಿರಬೇಕು. ಯಾರಾದರೂ ತಕರಾರು ತೆಗೆದರೆ ನೀರು, ಕರೆಂಟು, ಗ್ಯಾಸ್ ಬಿಲ್ಲನ್ನೂ ನೋಡುತ್ತಾರೆ. ಗೆದ್ದ ಮೇಲೆ ಇದೇ ಕಾರಣಕ್ಕೆ ಸೀಟು ಕಳೆದುಕೊಂಡವರಿದ್ದಾರೆ. ನಿಮಗೆ ಸದ್ಯಕ್ಕೆ ತೊಂದರೆಯಿಲ್ಲ, ಆದರೆ ಕಂಪನಿಯವರು ಆರು ತಿಂಗಳು ಒಸಾಕಾಗೆ ಕಳಿಸಿದರೆ ಯೋಚಿಸಿ.

ಹುಟ್ಟಿದ ದೇಶದ ಮಾತು ಬಂದೇ ಬರುತ್ತದೆ. ಎಂಪಿ ಆಗಿದ್ದ ಅರಾಯ್ ಶೋಕೇಯ್ ಕೊರಿಯನ್ ಮನೆತನದವರು, ಹುಡುಗರಾಗಿದ್ದಾಗಲೇ ಪೌರತ್ವ ಪಡೆದವರು. ಮೊದಲ ಸಲ ನಿಲ್ಲಲು ಹೊರಟಾಗ ಅವರ ಪೋಸ್ಟರುಗಳ ಮೇಲೆಲ್ಲ ಅದನ್ನೇ ಸಾರುವ ಕಪ್ಪು ಚೀಟಿ ಅಂಟಿಸಿದ್ದರು. ಆ ಸಲ ಸೋತರು, 1986ರಲ್ಲಿ ಗೆದ್ದರು. ಈಗ ಚೀಟಿ ಅಂಟಿಸುವುದು ಫೋನಿನಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಮಗನಿಗೆ ಮೊದಲೇ ಹೇಳಿಡಿ.

ಹಾಗಾದರೆ ಏನು ಮಾಡಬಹುದು? ಒಂದು, ವಾರ್ಡಿಗೆ ನಿಂತು ವಾರ್ಡಿನಲ್ಲೇ ಎರಡು ಮೂರು ಅವಧಿ ಇರುವುದು. ಶಾಲೆಗೆ ಹೊಸದಾಗಿ ಸೇರುವ ಪರದೇಶದ ಮಕ್ಕಳಿಗೆ ಭಾಷೆ ಕಲಿಸುವುದು, ನದಿ ಉಕ್ಕಿದರೆ ತಗ್ಗಿನ ಎಡೊಗಾವಾದಿಂದ ಜನ ಎಲ್ಲಿಗೆ ಹೋಗಬೇಕು, ಇಂಥ ಕೆಲಸಗಳು ವಾರ್ಡಿನಲ್ಲಿವೆ. ಅಲ್ಲಿ ನಿಮ್ಮ ಮಾತಿಗೆ ನಿಜವಾಗಿ ಬೆಲೆ ಬರುತ್ತದೆ. ಇದರಲ್ಲಿ ಅಪಾಯ ಕಮ್ಮಿ. ಇನ್ನೊಂದು, ಗುರಿ ಪಾರ್ಲಿಮೆಂಟೇ ಆಗಿದ್ದರೆ ವಾರ್ಡ್ ಬಿಟ್ಟು ನೇರವಾಗಿ ಒಂದು ಪಕ್ಷದೊಳಗೆ ಹೋಗಿ ಮೇಲ್ಮನೆಯ ಪಟ್ಟಿಗೆ ಪ್ರಯತ್ನಿಸುವುದು. ಅಲ್ಲಿ ಇಡೀ ದೇಶವೇ ಕ್ಷೇತ್ರ, ಹೆಸರಿಗೇ ಓಟು ಬೀಳುತ್ತದೆ, ಚದುರಿದ ಬೆಂಬಲ ಒಟ್ಟಾಗುತ್ತದೆ. ತ್ಸುರುನೆನ್ ಕಡೆಗೆ ಒಳಗೆ ಹೋದದ್ದು ಇದೇ ಬಾಗಿಲಿಂದ, ಅಲ್ವಾ. ಆದರೆ ಪಕ್ಷಗಳು ಅಲ್ಲಿ ಕೂರಿಸುವುದು ಸಂಘಗಳ ಓಟು ತರುವವರನ್ನು, ಇಲ್ಲವೇ ಟಿವಿಯಲ್ಲಿ ಕಂಡವರನ್ನು. ನಿಮ್ಮ ಹತ್ತಿರ ಎರಡೂ ಇಲ್ಲ. ಮೂರನೆಯದು, ವಾರ್ಡನ್ನು ಚಿಮ್ಮುಹಲಗೆಯಾಗಿ ಬಳಸಿ ಅರ್ಧದಲ್ಲೇ ಜಿಗಿಯುವುದು. ನಿಮ್ಮ ಪತ್ರದಲ್ಲಿರುವುದು ಇದೇ. ನನ್ನ ಅಭಿಪ್ರಾಯ ಕೇಳಿದ್ದೀರಿ: ಮೂರರಲ್ಲಿ ಇದು ಎಲ್ಲಕ್ಕಿಂತ ಕೆಟ್ಟದ್ದು. ವಾರ್ಡಿನ ಕೆಲಸಕ್ಕಾಗಿಯೇ ವಾರ್ಡ್ ಬೇಕು ಅನಿಸಿದರೆ ನಿಲ್ಲಿ. ಇಲ್ಲವಾದರೆ ಕೆಲಸ ಬಿಡಬೇಡಿ.

ನಿಲ್ಲುವುದೇ ಆದರೆ ಚುನಾವಣೆಗೆ ಕೆಲವು ತಿಂಗಳು ಮುಂಚೆ ವಾರ್ಡಿನ ಚುನಾವಣಾ ಆಯೋಗ ಅಭ್ಯರ್ಥಿಗಳಾಗುವವರಿಗೆ ಒಂದು ವಿವರಣಾ ಸಭೆ ಇಡುತ್ತದೆ, ಅದಕ್ಕೆ ತಪ್ಪದೆ ಹೋಗಿ.

ಅದಕ್ಕೂ ಮುಂಚೆ ನಿಮ್ಮ ಹೆಸರಿನ ಬಗ್ಗೆ ಯೋಚಿಸಿ. ನಿಮ್ಮ ವಾರ್ಡಿನಲ್ಲಿ ಬಟನ್ ಇಲ್ಲ, ಗುರುತು ಇಲ್ಲ. ಮತಗಟ್ಟೆಯ ಮರೆಯಲ್ಲಿ ಒಂದು ಪೆನ್ಸಿಲ್, ಖಾಲಿ ಚೀಟಿ, ಓಟುದಾರರೇ ಅಭ್ಯರ್ಥಿಯ ಹೆಸರು ಬರೆಯಬೇಕು. ಚೀಟಿಯದ್ದೂ ಬೇರೆ ಥರದ ಕಾಗದ, ಮಡಿಸಿ ಹಾಕಿದರೆ ಪೆಟ್ಟಿಗೆಯೊಳಗೆ ತಾನೇ ಬಿಚ್ಚಿಕೊಳ್ಳುತ್ತದೆ. ಒಂದೇ ಅಡ್ಡಹೆಸರಿನ ಇಬ್ಬರಿದ್ದು ಬರೀ ಅಡ್ಡಹೆಸರು ಬರೆದಿದ್ದರೆ ಆ ಓಟನ್ನು ಪಾಲು ಹಾಕಿ ಹಂಚುತ್ತಾರೆ, ಅದಕ್ಕೇ ಫಲಿತಾಂಶದಲ್ಲಿ ಕೆಲವರ ಓಟು ದಶಾಂಶದಲ್ಲಿರುತ್ತದೆ. ಪುರಾಣಿಕ್ ಅವರು ಚೀಟಿಗೆ ಇಟ್ಟುಕೊಂಡದ್ದು ಎರಡೇ ಅಕ್ಷರ, 'ಯೋಗಿ', ಅದೂ ಮಕ್ಕಳು ಮೊದಲು ಕಲಿಯುವ ಹಿರಾಗಾನಾದಲ್ಲಿ. ಅನುಮತಿ ಪಡೆದು ಹೀಗೆ ಬಳಕೆಯ ಹೆಸರು ಇಟ್ಟುಕೊಳ್ಳಬಹುದು. ನಿಮ್ಮ ಪತ್ರದ ಕೊನೆಯ ಸಹಿ ನೋಡಿದೆ, ಜಪಾನಿ ಲಿಪಿಯಲ್ಲಿ ಹನ್ನೊಂದು ಅಕ್ಷರ. ಪಕ್ಕದ ಮನೆಯ ಅಜ್ಜಿಗೆ ಒಂದು ಪೆನ್ಸಿಲ್ ಕೊಟ್ಟು, ಎಲ್ಲೂ ನೋಡದೆ ಅದನ್ನು ಬರೆಯಲು ಹೇಳಿ. ಓಟು ಕೇಳಬೇಡಿ, ಹೆಸರು ಬರೆಸಿ ಸಾಕು. ಪೆನ್ಸಿಲ್ ವಾಪಸ್ ಇಸ್ಕೊಳ್ಳಿ.